ಹಿರಿಸೊಸೆಯ ಗ್ರಾಂಟು

ಸಾಂಖಳಿ ಪೇಟೆಯಲ್ಲಿ ಬೆಳಗಾವಿಯವರ ಬಾಂಡೆ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗಿನ ಸ್ಟೀಲ್ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದರೆ, ಮೇಲೆ ಇಬ್ಬರು ಸೊಸೆಯರು ಒಬ್ಬರಿಗೊಬ್ಬರು ತಾಗದ ಹಾಗೆ ಸದ್ದಿಲ್ಲದೆ ಓಡಾಡುತ್ತಿದ್ದರು. ಇಬ್ಬರೂ ಡಾಕ್ಟರು. ಗುಳಿಗೆ ಬರೆದುಕೊಡುವ ಡಾಕ್ಟರಲ್ಲ, ಪ್ರಬಂಧ ಬರೆದು ಆದ ಡಾಕ್ಟರು. ಹಿರಿಯಳು ಸೀಮಾ, ದೊಡ್ಡ ಮಗ ಆನಂದನ ಹೆಂಡತಿ, ಪಣಜಿ ಹತ್ತಿರದ ನರ್ಸಿಂಗ್ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಕಲಿಸುತ್ತಾಳೆ. ಕಿರಿಯಳು ನೇತ್ರಾ, ಸಣ್ಣ ಮಗ ಸಚಿನನ ಹೆಂಡತಿ, ಕೊರ್ತಾಲಿಮ್ ಕಡೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್. ಬೇರೆ ಮನೆಗಳಲ್ಲಿ ನೆಗೆಣ್ಣಿಯರ ನಡುವೆ ಸೀರೆಗೆ, ಬಂಗಾರಕ್ಕೆ, ಅಡುಗೆಮನೆಯ ಯಜಮಾನಿಕೆಗೆ ಕಿಚ್ಚು ಹತ್ತುತ್ತದೆ. ಈ ಮನೆಯಲ್ಲಿ ಹತ್ತಿದ್ದು ಗ್ರಾಂಟಿಗೆ.

ಗ್ರಾಂಟೆಂದರೆ ಸರಕಾರದ ಇಲಾಖೆಯೋ ಯಾವುದೋ ಪ್ರತಿಷ್ಠಾನವೋ 'ನೀನು ಹೇಳುವ ಸಂಶೋಧನೆ ಮಾಡು, ಖರ್ಚು ನಮ್ಮದು' ಎಂದು ಕೊಡುವ ಹಣ. ಅದನ್ನು ಹೊರಗಿನಿಂದ ತಂದವರಿಗೆ ಕಾಲೇಜು ಒಂದು ಕೋಣೆ ಕೊಡುತ್ತದೆ, ಬಾಗಿಲ ಮೇಲೆ ಹೆಸರು ಬರೆಸುತ್ತದೆ. ತರದವರಿಗೆ ಪರೀಕ್ಷೆಯ ಮೇಲ್ವಿಚಾರಣೆ ಕೊಡುತ್ತದೆ. ಸೀಮಾ ಬಹಳ ವರ್ಷಗಳಿಂದ ಮೇಲ್ವಿಚಾರಣೆ ಮಾಡುತ್ತಿದ್ದಳು.

ಅತ್ತೆ ಶರಣಮ್ಮನಿಗೆ ಮೊದಮೊದಲು ಈ ವ್ಯವಹಾರ ಅರ್ಥವಾಗಿರಲಿಲ್ಲ. "ಬಡ್ಡಿ ಇಲ್ಲಾ, ವಾಪಸ್ ಕೊಡೂದೂ ಇಲ್ಲಾ. ಮತ್ತ ರೊಕ್ಕ ಯಾಕ ಕೊಡ್ತಾರವಾ? ಅವ್ರ ತಲಿ ಚಲೋ ಐತಿಲ್ಲೋ?" ಎಂದು ಕೇಳಿದ್ದಳು. ನೇತ್ರಾಳಿಗೆ ಮೊದಲ ಗ್ರಾಂಟು ಬಂದು, ಬೀಗರ ಮನೆಯಿಂದೆಲ್ಲ ಫೋನು ಬಂದ ಮೇಲೆ ಅತ್ತೆಗೆ ಎಲ್ಲ ಅರ್ಥವಾಯಿತು. ಅಂಗಡಿಯಲ್ಲಿ ಕುಕ್ಕರು ಕೊಂಡವರಿಗೆ ಸಣ್ಣ ಸೊಸೆಯ ಗ್ರಾಂಟಿನ ಸುದ್ದಿ ಪುಕ್ಕಟೆ. ಕುಕ್ಕರು ಸುಮ್ಮನಿರುತ್ತಿತ್ತು, ಸೀಟಿ ಅತ್ತೆ ಹೊಡೆಯುತ್ತಿದ್ದಳು. ಒತ್ತಡ ಮಾತ್ರ ಮೇಲಿನ ಮನೆಯಲ್ಲಿ ಸೀಮಾಳ ಎದೆಯಲ್ಲಿ ಏರುತ್ತಿತ್ತು.

ಯಾಕೆಂದರೆ ನೇತ್ರಾಳಿಗೆ ಗ್ರಾಂಟಿನ ಅಆಇಈ ಕಲಿಸಿದವಳೇ ಸೀಮಾ. ಮದುವೆಯಾಗಿ ಬಂದ ಹೊಸದರಲ್ಲಿ ಹುಡುಗಿ ಲ್ಯಾಪ್‌ಟಾಪು ಹಿಡಿದು, "ಅಕ್ಕಾ, ಇವೆಲ್ಲಾ ಎಲ್ಲೆ ಸಿಗ್ತಾವ್ರಿ?" ಎಂದು ಕೇಳಿದಾಗ ಸೀಮಾ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು. ಅರ್ಜಿ ಹಾಕಿ ಎಂಬ ಕರೆಗಳು ಯಾವ ಜಾಲತಾಣದಲ್ಲಿ ಬರುತ್ತವೆ. ಕರೆಯ ಅಂದಕ್ಕೆ ಮನಸ್ಸು ಕೊಡುವ ಮೊದಲು ಅರ್ಹತೆಯ ಸಾಲು ಓದಬೇಕು. ಜನರ ಮೇಲಿನ ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿ ಅಪರೂಪಕ್ಕೆ ಸೇರುವುದರಿಂದ ಅದರ ಒಪ್ಪಿಗೆಗೆ ಎಲ್ಲಕ್ಕಿಂತ ಮೊದಲು ಓಡಬೇಕು. ಬರೆಯಲು ಕೂರುವ ಮುಂಚೆ ಅಲ್ಲಿನ ಅಧಿಕಾರಿಗೆ ಒಂದು ಮೇಲ್ ಹಾಕಿ, ನಮ್ಮ ವಿಷಯ ನಿಮಗೆ ಬೇಕೋ ಬೇಡವೋ ಎಂದು ಕೇಳಬೇಕು. ನೇತ್ರಾ ಎಲ್ಲವನ್ನೂ ಕಲಿತಳು, ಮೊದಲ ಅರ್ಜಿಗೇ ಗೆದ್ದಳು. ಸೀಮಾಳಿಗೆ ಬರುತ್ತಿದ್ದುದು 'ವಿಷಾದಿಸುತ್ತೇವೆ' ಎಂಬ ಇಮೇಲುಗಳು. ವಿಷಾದದ ಮೊದಲಲ್ಲೇ ವಿಷ ಇರುವುದು ಅವಳಿಗೆ ಹೊಳೆದದ್ದು ಆ ದಿನಗಳಲ್ಲಿ.

ಹಾಗೆ ನೋಡಿದರೆ ಸೀಮಾ ನೀತಿ ಗೊತ್ತಿಲ್ಲದವಳಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಸಿಸ್ಟರ್ ಕ್ಲಾರಾ, ಪರರ ಏಳಿಗೆಗೆ ಹೊಟ್ಟೆ ಉರಿಸಿಕೊಳ್ಳುವುದು ಮಹಾಪಾಪ ಎಂದು ಹೇಳುವಾಗ ಇಡೀ ಕ್ಲಾಸು ಕಿಟಕಿಯಾಚೆ ಐಸ್‌ಕ್ಯಾಂಡಿ ಗಾಡಿ ನೋಡುತ್ತಿತ್ತು, ಸೀಮಾ ಕೈಕಟ್ಟಿ ಕೇಳುತ್ತಿದ್ದಳು. ನೀತಿಪಾಠದಲ್ಲಿ ಮೊದಲ ಬಹುಮಾನ ಅವಳಿಗೇ ಬಂತು, ಒಂದು ಪ್ರಾರ್ಥನಾ ಪುಸ್ತಕ. ಎರಡನೆಯವಳಿಗೆ ಕಂಪಾಸ್ ಬಾಕ್ಸ್ ಕೊಟ್ಟರು. ಮಹಾಪಾಪ ಎಂದರೇನೆಂದು ಆ ಸಂಜೆ ಅವಳಿಗೆ ಪ್ರಾಯೋಗಿಕವಾಗಿ ತಿಳಿಯಿತು.

ಈ ಹೊಟ್ಟೆಕಿಚ್ಚೇ ಅವಳನ್ನು ಗ್ರಾಂಟು ಹುಡುಕುವುದರಲ್ಲಿ ಪಳಗಿಸಿತ್ತು ಎಂಬುದು ಬೇರೆ ಮಾತು. ಹೊಸ ಕರೆ ಬಂದರೆ ಬೇರೆಯವರು ಗಡುವು ಯಾವಾಗ ಎಂದು ನೋಡುತ್ತಾರೆ. ಸೀಮಾ ಹೋದ ವರ್ಷ ಅದೇ ಸಂಸ್ಥೆ ಯಾರ್ಯಾರಿಗೆ ಕೊಟ್ಟಿದೆ ಎಂಬ ಪಟ್ಟಿ ತೆಗೆಯುತ್ತಿದ್ದಳು. ಒಂದೊಂದು ಹೆಸರಿಗೂ ಒಂದೊಂದು ನಿಟ್ಟುಸಿರು. ಹೀಗೆ ಉರಿದುಕೊಳ್ಳುತ್ತಲೇ, ಹಣ ಕೊಡುವವರಲ್ಲಿ ಯಾರಿಗೆ ಯಂತ್ರವೆಂದರೆ ಮೋಹ, ಯಾರಿಗೆ ಹಳ್ಳಿಯೆಂದರೆ ಕಣ್ಣೀರು, ಯಾರು ಹೊಸಬರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಾರೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಕಾಲೇಜಿನಲ್ಲಿ ಎಲ್ಲಿ ಅರ್ಜಿ ಹಾಕಬೇಕೆಂದು ತೋಚದವರೆಲ್ಲ ಅವಳ ಮೇಜಿನ ಮುಂದೆ ಬರುತ್ತಿದ್ದರು. ಅವಳು ತೋರಿಸಿದ ಬಾಗಿಲಲ್ಲಿ ಎಲ್ಲರೂ ಒಳಗೆ ಹೋದರು. ಅವಳು ತೋರಿಸುತ್ತಾ ಹೊರಗೇ ನಿಂತಳು.

ನೇತ್ರಾಳಿಗೆ ಎರಡನೆಯ ಗ್ರಾಂಟೂ ಬಂದ ಬೆಳಿಗ್ಗೆ ಶರಣಮ್ಮ ಬೆಳಗಾವಿಯಿಂದ ಕುಂದಾ ತರಿಸಿದಳು. ನೇತ್ರಾ ಬಗ್ಗಿ ಸೀಮಾಳ ಕಾಲು ಮುಟ್ಟಿ, "ಎಲ್ಲಾ ನಿಮ್ಮ ಆಶೀರ್ವಾದ ಅಕ್ಕಾ" ಅಂದಳು. ಆ ಅರ್ಜಿಯಲ್ಲಿ ಸೀಮಾಳ ಆಶೀರ್ವಾದ ಇರಲಿಲ್ಲ, ತಿದ್ದುಪಡಿ ಇತ್ತು. ಮೊದಲ ಪುಟ ಪೂರ್ತಿ ಅವಳದೇ ಬರವಣಿಗೆ. ಕುಂದಾ ಬಾಯಲ್ಲಿ ಆ ಕಡೆಯಿಂದ ಈ ಕಡೆಗೆ ಹೋಯಿತೇ ಹೊರತು ಗಂಟಲಲ್ಲಿ ಇಳಿಯಲಿಲ್ಲ.

"ಯಾಕವಾ, ಮಾರಿ ಗಂಟ ಹಾಕ್ಕೊಂಡಿ?" ಎಂದಳು ಶರಣಮ್ಮ.

"ಸಕ್ಕರಿ ಜಾಸ್ತಿ ಆಗೇದ್ರಿ ಅತ್ತಿ."

"ಕುಂದಾಕ್ಕೋ, ನಿನಗೋ?" ಎಂದ ಆನಂದ. ಅವನಿಗೆ ಪಾತ್ರೆ ಬಡಿದು ಸದ್ದಿನಲ್ಲೇ ತೂತು ಹಿಡಿಯುವ ಅಭ್ಯಾಸ ಇತ್ತು, ಹೆಂಡತಿಯ ದನಿಯಲ್ಲೂ ಹಿಡಿಯುತ್ತಿದ್ದ.

ಆ ವಾರವೇ ಸೀಮಾಳ ಕಣ್ಣಿಗೆ ಒಂದು ಕರೆ ಬಿತ್ತು. ಬಿಸಿಲಿನಲ್ಲಿ ದುಡಿಯುವವರ ಆರೋಗ್ಯ, ಅದಕ್ಕೆ ತಂತ್ರಜ್ಞಾನ ಏನು ಮಾಡಬಲ್ಲದು ಎಂಬ ವಿಷಯ. ತಂಡದಲ್ಲಿ ಆರೋಗ್ಯದವರೊಬ್ಬರು, ತಂತ್ರಜ್ಞಾನದವರೊಬ್ಬರು ಇರಬೇಕು. ಅರ್ಜಿಗೆ ಮೊದಲೇ ಸಣ್ಣ ಮಟ್ಟದಲ್ಲಿ ಒಂದು ಪ್ರಯೋಗ ಮಾಡಿ ತೋರಿಸಬೇಕು. ದುಡಿಯುವವರೇ ಪಾಲುದಾರರಾಗಿ ಒಪ್ಪಿರಬೇಕು. ಓದುತ್ತ ಓದುತ್ತ ಸೀಮಾಳಿಗೆ ಮೈ ಜುಮ್ಮೆಂದಿತು. ಯಾರೋ ತನ್ನ ಅಳತೆ ತೆಗೆದುಕೊಂಡು ಹೊಲಿಸಿದ ಹಾಗಿತ್ತು. ಚಿಂಬಲ್‌ನ ಓಣಿಗಳಿಗೆ ಅವಳು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗತೊಡಗಿ ಎಷ್ಟೋ ವರ್ಷವಾಗಿತ್ತು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವ ಹೆಂಗಸರು ಅವಳನ್ನು ಅಕ್ಕಾರ ಎನ್ನುತ್ತಿದ್ದರು. ಅವರ ಗುಂಪಿನ ಹಿರಿಯಳು ಲಕ್ಷ್ಮವ್ವ. ಅವಳು ಹೂಂ ಅಂದರೆ ಓಣಿಯೇ ಹೂಂ ಅಂದ ಹಾಗೆ. ಈ ಗ್ರಾಂಟೂ ತಪ್ಪಿದರೆ ಇನ್ನು ಅರ್ಜಿ ಬರೆಯುವುದೇ ಇಲ್ಲ, ನಿವೃತ್ತಿಯ ತನಕ ಮೇಲ್ವಿಚಾರಣೆ ಮಾಡಿಕೊಂಡು ಬಿದ್ದಿರುತ್ತೇನೆ ಎಂದು ಸೀಮಾ ಅವತ್ತೇ ತೀರ್ಮಾನಿಸಿದಳು.

ಅಲ್ಲಿಯ ತನಕ ಯಾವ ಕರೆ ಕಂಡರೂ ಅವಳು ನೇತ್ರಾಳಿಗೆ ಕಳಿಸುತ್ತಿದ್ದಳು. ಇದನ್ನು ಕಳಿಸಲಿಲ್ಲ. ತಂತ್ರಜ್ಞಾನಕ್ಕೆ ಮಡಗಾಂವಿನ ಪರಿಚಿತನೊಬ್ಬನನ್ನು ಒಪ್ಪಿಸಿದಳು.

ಆನಂದನಿಗೆ ಹೇಳಿದಾಗ ಅವನು, "ಅಲ್ಲಾ, ಮನ್ಯಾಗ ಒಬ್ಬಾಕಿ ಎಲೆಕ್ಟ್ರಾನಿಕ್ಸ್ ಡಾಕ್ಟರ್ ಕುಂತಾಳ, ನೀ ಮಡಗಾಂವಿಗೆ ಯಾಕ ಹೊಂಟಿ? ನಾ ಮತ್ತ ಸಚಿನ ಒಂದ ಗಲ್ಲೆದ ಮ್ಯಾಲೆ ಕೂಡೂದಿಲ್ಲೇನು?" ಎಂದ.

"ನಿಮ್ಮ ಅಂಗಡಿ ಬೋರ್ಡಿನ ಮ್ಯಾಲೆ ನಿಮ್ಮಪ್ಪನ ಹೆಸರ ಐತ್ರಿ. ತಮ್ಮಂದ ದೊಡ್ಡ ಅಕ್ಷರ, ನಿಮ್ದ ಸಣ್ಣ ಅಕ್ಷರ ಬರಿಸಿ ನೋಡ್ರಿ, ಆಮ್ಯಾಲೆ ಹೇಳ್ರಿ."

ಆನಂದ ಕೆಳಗಿಳಿದು ಹೋದ.

ಒಂದು ಸೋಮವಾರ ಮುಂಜಾನೆ ಸೀಮಾ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಒಂದು ಒಳ್ಳೆಯ ಕುಪ್ಪಸದ ಖಣ ಹಿಡಿದು ಚಿಂಬಲ್‌ಗೆ ಹೋದಳು. ಲಕ್ಷ್ಮವ್ವನ ಉಡಿ ತುಂಬಿ ಮಾತು ತೆಗೆದುಕೊಳ್ಳುವುದೆಂದರೆ ಆ ಓಣಿಯಲ್ಲಿ ಸಹಿಗಿಂತ ಗಟ್ಟಿ. ಲಕ್ಷ್ಮವ್ವ ಕೆಲಸಕ್ಕೆ ಹೊರಡಲು ಬುತ್ತಿ ಕಟ್ಟುತ್ತಿದ್ದಳು. ಸಾಮಾನು ನೋಡಿ ಗಾಬರಿಯಾದಳು.

"ಅಯ್ಯ, ಮತ್ತ ಉಡಿ ಯಾಕ್ರಿ ಅಕ್ಕಾರ? ನಿಮ್ಮ ನೆಗೆಣ್ಣಿ ತುಂಬಿ ಹೋಗ್ಯಾರಲ್ರಿ!"

"ಯಾರು? ನೇತ್ರಾ?"

"ಹೌದ್ರಿ, ಆ ಕನ್ನಡಕದವ್ರು. ಹಿರೇ ಅಕ್ಕಾರ ಮನಿಯಾಕಿ ಅಂದ್ರು. ನಿಮ್ಮ ಹೆಸರ ಹೇಳಿದ ಮ್ಯಾಲೆ ನಾ ಯಾಕ ಇಲ್ಲ ಅನ್ಲ್ರಿ? ಉಡಿ ತುಂಬಿದ್ರು, ಕೈಗೆ ಕಟ್ಟೂ ಪಟ್ಟಿ ಕೊಟ್ರು, ನಾವೂ ಹೂಂ ಅಂದ್ವಿ." ಲಕ್ಷ್ಮವ್ವ ಸೀಮಾಳ ಕೈ ಹಿಡಿದು ತಿಳಿಸಿ ಹೇಳಿದಳು. "ಒಂದ ಮನಿಗೆ ಎರಡ ಸಲ ಮಾತ ಕೊಡಾಕ ಬರೂದಿಲ್ರಿ. ಅವ್ರಿಗೆ ಕೊಟ್ರ ನಿಮಗ ಕೊಟ್ಟಂಗ ಅಲ್ಲೇನ್ರಿ?"

ಅಂದರೆ ಕರೆ ನೇತ್ರಾಳ ಕಣ್ಣಿಗೂ ಬಿದ್ದಿತ್ತು. ಅವಳೂ ಕಳಿಸಿರಲಿಲ್ಲ. ಬಚ್ಚಿಡುವುದನ್ನು ಸೀಮಾ ಕಲಿಸಿರಲಿಲ್ಲ, ಅದನ್ನು ಹುಡುಗಿ ತಾನೇ ಕಲಿತಿದ್ದಳು. ಅದರ ಮೇಲೆ, ಸೀಮಾ ಇಷ್ಟು ವರ್ಷ ಕೆಸರು ತುಳಿದು ಗಳಿಸಿದ ಹೆಸರನ್ನು ಒಂದು ಸಂಜೆಯಲ್ಲಿ ಬಳಸಿಕೊಂಡು ಹೋಗಿದ್ದಳು. ಆ ಹೊತ್ತಿನಲ್ಲಿ ಸೀಮಾಳ ಕೈಗೂ ಒಂದು ಪಟ್ಟಿ ಕಟ್ಟಿದ್ದರೆ ಅದು ಓಣಿಗೆಲ್ಲ ಕೇಳುವ ಹಾಗೆ ಕೂಗಿಕೊಳ್ಳುತ್ತಿತ್ತು.

ಯಾಕೆಂದರೆ ಆ ಪಟ್ಟಿಯ ಕೆಲಸವೇ ಕೂಗುವುದು. ಮೈ ಬಿಸಿ, ನಾಡಿಯ ಬಡಿತ ಎರಡನ್ನೂ ಅಳೆದು, ಮಿತಿ ಮೀರಿದರೆ ಕುಂಯ್ ಅಂದು ಕೆಂಪು ದೀಪ ಹಚ್ಚಿಕೊಳ್ಳುತ್ತದೆ. ದೀಪ ಒಂದಷ್ಟು ಹೊತ್ತು ಹಾಗೇ ಇರುತ್ತದೆ. ಕೆಂಪು ದೀಪದವಳನ್ನು ನೆರಳಿನಲ್ಲಿ ಕೂರಿಸಬೇಕೆಂದು ನೇತ್ರಾ ಮೇಸ್ತ್ರಿ ಹಾರೂನನ ಜೊತೆ ಮಾತಾಡಿಕೊಂಡಿದ್ದಳು. ಹಾರೂನ ಕೆಟ್ಟವನಲ್ಲ, ದೀಪ ಕಂಡರೆ ಕೂರಿಸುತ್ತಿದ್ದ.

ಸೀಮಾ ಉಡಿಯ ಸಾಮಾನು ಹಾಗೇ ಚೀಲದಲ್ಲಿಟ್ಟುಕೊಂಡು, ನೆಗೆಣ್ಣಿಯ ಯಂತ್ರ ಎಷ್ಟು ಚೆಂದವಿದೆಯೋ ನೋಡಿ ಇನ್ನಷ್ಟು ಉರಿದುಕೊಳ್ಳೋಣ ಎಂದು ಹೆಂಗಸರ ಜೊತೆ ಹತ್ತಿರದ ಕಟ್ಟಡಕ್ಕೆ ನಡೆದಳು. ಮರದ ಕೆಳಗೆ ಕೂತು ನೋಡಿದಳು. ಬಿಸಿಲೇರಿತು. ಲಕ್ಷ್ಮವ್ವ ಕಾಂಕ್ರೀಟಿನ ಬುಟ್ಟಿ ಹೊತ್ತು ಏಣಿ ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಪಟ್ಟಿ ಕುಂಯ್ ಅಂದಿತು. ಲಕ್ಷ್ಮವ್ವ ಕೂರಲಿಲ್ಲ. ಪಟ್ಟಿ ಬಿಚ್ಚಿ, ಮರಳು ತುಂಬುತ್ತಿದ್ದ ಚಂದವ್ವನೆಂಬ ಹುಡುಗಿಯ ಕೈಗೆ ಕಟ್ಟಿದಳು. ಹಾರೂನ ಬಂದ. ಕೆಂಪು ದೀಪ ನೋಡಿದ. "ಚಲ್, ಬೈಠ್" ಅಂದ. ಚಂದವ್ವ ನೆರಳಿಗೆ ಬಂದು ಕೂತಳು. ಲಕ್ಷ್ಮವ್ವ ಅದೇ ಬಿಸಿ ಮೈಯಲ್ಲಿ ಮತ್ತೊಂದು ಬುಟ್ಟಿ ಎತ್ತಿದಳು.

"ಇದೇನ ಲಕ್ಷ್ಮವ್ವಾ?"

"ಆಕಿ ಬಸುರಿ ಅದಾಳ್ರಿ," ಎಂದು ಲಕ್ಷ್ಮವ್ವ ದನಿ ತಗ್ಗಿಸಿದಳು. "ಮೇಸ್ತ್ರಿಗೆ ಗೊತ್ತಾದ್ರ ಕೆಲಸಕ್ಕ ಬರಬ್ಯಾಡ ಅಂತಾನ. ನಮಗೇನ್ರಿ, ರೂಢಿ ಐತಿ. ನಾವು ಹೊತ್ತು ಕೂಗಸ್ತೀವಿ, ಆಕಿ ಕೂಡ್ತಾಳ. ಪಟ್ಟಿ ಭಾಳ ಚಲೋ ಮಾಡ್ಯಾರ್ರಿ ನಿಮ್ಮ ನೆಗೆಣ್ಣಿ."

"ಆಕಿಗೆ ಇದು ಗೊತ್ತೈತೇನು?"

"ಅವ್ರು ಕೇಳೇ ಇಲ್ರಿ. ಬರ್ತಾರ, ಪಟ್ಟಿ ಫೋನಿಗೆ ಹಚ್ಚತಾರ, ಹೋಗ್ತಾರ. ನೀವು ಮೇಸ್ತ್ರಿಗೆ ಹೇಳಬ್ಯಾಡ್ರಿ ಮತ್ತ."

ಸೀಮಾ ಹೇಳುವುದಿಲ್ಲ ಎಂದು ಮಾತು ಕೊಟ್ಟಳು. ಸಾಂಖಳಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಬಹಳ ದಿನಗಳ ಮೇಲೆ ಅವಳಿಗೆ ಗಾಳಿ ತಂಪೆನಿಸಿತು. ನೇತ್ರಾಳ ಪ್ರಯೋಗದ ಅಂಕಿಗಳೆಲ್ಲ ಹಾಳು. ಬಿಸಿಯಾದ ಮೈ ಒಬ್ಬಳದು, ಕೂತ ಮೈ ಇನ್ನೊಬ್ಬಳದು. ಪರಿಶೀಲಿಸುವವರು ಬಲ್ಲವರಾದರೆ ಒಂದು ನೋಟದಲ್ಲಿ ಹಿಡಿಯುತ್ತಾರೆ, ನೇತ್ರಾಳಿಗೂ ಒಂದು 'ವಿಷಾದಿಸುತ್ತೇವೆ' ಬರುತ್ತದೆ. ಬರಲಿ, ಅದರ ರುಚಿಯೂ ಗೊತ್ತಾಗಲಿ. ಮೇಸ್ತ್ರಿಗೆ ಹೇಳುವುದಿಲ್ಲ ಎಂದು ಕೊಟ್ಟ ಮಾತನ್ನು ಸೀಮಾ ಸ್ವಲ್ಪ ಎಳೆದು ನೇತ್ರಾಳಿಗೂ ಮುಟ್ಟಿಸಿದಳು. ಮಾತು ಕೊಟ್ಟ ಮೇಲೆ ಹೇಗೆ ಹೇಳುವುದು, ಅಲ್ಲವೇ?

ಅವಳ ಸ್ವಂತ ಅರ್ಜಿಯಂತೂ ಚಿಂಬಲ್ ಇಲ್ಲದೆ ಕಾಲು ಮುರಿದುಕೊಂಡು ಬಿದ್ದಿತ್ತು. ಆದರೂ ಆ ವಾರ ಅವಳು ಹಾಡು ಗುನುಗುತ್ತಾ ರೊಟ್ಟಿ ಬಡಿದಳು. ನೇತ್ರಾಳಿಗೆ ಬಿಸಿ ರೊಟ್ಟಿ ಮೊದಲು ಬಡಿಸಿದಳು. ಅತ್ತೆಗೆ ಅನುಮಾನ ಬಂತು.

ಗಡುವು ಮಂಗಳವಾರ. ಅದರ ಹಿಂದಿನ ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲರೂ ಊಟಕ್ಕೆ ಕೂತಿದ್ದರು. ಕರೆಯ ವಿಷಯ, ಚಿಂಬಲ್‌ನ ಉಡಿಯ ವಿಷಯ ಎರಡೂ ಹೇಗೋ ಬಯಲಾಗಿದ್ದವು. ಇಬ್ಬರೂ ಅರ್ಜಿ ಹಾಕುವವರೇ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಸಚಿನನೇ ಅತ್ತಿಗೆಯ ಕಡೆ ತಿರುಗಿ ಎತ್ತಿದ.

"ವೈನಿ, ಈಕಿದೊಂದ ಭಾರಿ ರಿಸಲ್ಟ್ ಬಂದೈತ್ರಿ. ಹೇಳ ನೇತ್ರಾ."

ನೇತ್ರಾಳ ಮುಖ ಅರಳಿತು. "ಅಕ್ಕಾ, ನಂಬೂದಿಲ್ಲ ನೀವು. ಆ ಹೆಣ್ಮಕ್ಕಳ ಮೈ ಅಷ್ಟ ಬಿಸಿ ಆಗಿರ್ತೈತಿ, ಕುಂತ ಕೂಡ್ಲೆ ತಣ್ಣಗಾಗಿ ಬಿಡ್ತೈತಿ. ನಾಡಿನೂ ಹಂಗ. ಪುಸ್ತಕದಾಗ ಎಲ್ಲೂ ಇಲ್ಲ ಇದು. ಬಿಸಿಲಿನ ರೂಢಿಯಿಂದ ಅವ್ರ ಮೈನ ಬ್ಯಾರೆ ಆಗೈತಿ ಅನ್ನಸ್ತದ. ಐದ ನಿಮಿಷ ಕುಂತ್ರ ಸಾಕು. ಅರ್ಜಿದಾಗ ಇದನ್ನ ಮುಖ್ಯ ಮಾಡೇನಿ."

"ಹಂಗಾದ್ರ ಕಾಂಟ್ರಾಕ್ಟರ್ ಮಂದಿಗೆ ಹಬ್ಬ," ಎಂದ ಆನಂದ, ಎಣಗಾಯಿ ಹಾಕಿಸಿಕೊಳ್ಳುತ್ತಾ. "ಐದ ನಿಮಿಷದ ಮ್ಯಾಲೆ ಕುಂತ್ರ ಎಬ್ಬಸ್ತಾರ. ಡಾಕ್ಟರ್ ಮೇಡಮ್ಮಾರ ಬರದಾರ ಅಂತಾರ."

ಸೀಮಾಳ ಕೈಯಲ್ಲಿ ರೊಟ್ಟಿ ನಿಂತಿತು. ಅಂಕಿಗಳು ಹಾಳಾಗಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದಷ್ಟೇ ಅವಳು ಎಣಿಸಿದ್ದಳು. ಹಾಳಾದ ಅಂಕಿ ಗೆದ್ದುಬಿಡಬಹುದು ಎಂಬುದು ತಲೆಗೆ ಬಂದಿರಲಿಲ್ಲ. ಗೆದ್ದರೆ ಏಣಿ ಹತ್ತುವ ಲಕ್ಷ್ಮವ್ವನಿಗೆ ಐದು ನಿಮಿಷದ ನೆರಳು ಸಾಕೆಂದು ಅಚ್ಚಾಗುತ್ತದೆ. ಇನ್ನು ಸುಮ್ಮನಿರುವಂತಿರಲಿಲ್ಲ. ಅಲ್ಲದೆ ಇಡೀ ಮನೆ ಪಂಕ್ತಿಯಲ್ಲಿ ಕೂತಿತ್ತು. ನೇತ್ರಾಳ ಗುಳ್ಳೆ ಒಡೆಯಲು ಇದಕ್ಕಿಂತ ಒಳ್ಳೆಯ ಸಭೆ ಸಿಗುವಂತಿರಲಿಲ್ಲ. ಈ ಎರಡು ಕಾರಣಗಳಲ್ಲಿ ಯಾವುದು ಭಾರ ಎಂದು ಹೇಳಲು ಅಂಗಡಿಯ ತಕ್ಕಡಿಯಿಂದಲೂ ಆಗಲಿಕ್ಕಿಲ್ಲ.

"ಕುಂತ ಕೂಡ್ಲೆ ಮೈ ತಣ್ಣಗಾಗೂದಿಲ್ಲ ನೇತ್ರಾ," ಎಂದಳು ಸೀಮಾ, ಕ್ಲಾಸಿನಲ್ಲಿ ಹೇಳುವ ದನಿಯಲ್ಲಿ. "ಮೈನ ಬ್ಯಾರೆ. ಲಕ್ಷ್ಮವ್ವ ಹೊತ್ತು ಕೂಗಸ್ತಾಳ, ಪಟ್ಟಿ ಚಂದವ್ವಗ ಕಟ್ಟತಾಳ. ಚಂದವ್ವ ಬಸುರಿ ಅದಾಳ, ಆಕಿ ಕೂಡ್ತಾಳ. ನಿನ್ನ ಪಟ್ಟಿ ಇಬ್ಬರನ್ನ ಒಬ್ಬಾಕಿ ಅಂತ ಬರಕೊಂಡೈತಿ. ನೀ ಒಂದ ದಿನ ಮುಂಜಾನಿಂದ ಸಂಜೀತನಕ ಅಲ್ಲೆ ಕುಂತಿದ್ರ ಗೊತ್ತಾಗ್ತಿತ್ತು."

ನೇತ್ರಾ ಮೊದಲು ಸೀಮಾಳನ್ನು ನೋಡಿದಳು, ಆಮೇಲೆ ತಾಟನ್ನು. ಅವಳ ಕಿವಿ ಕೆಂಪಾಯಿತು. ಸೀಮಾಳಿಗೆ ಇಷ್ಟು ವರ್ಷಗಳ ಕುಂದಾ ಒಮ್ಮೆಗೇ ಜೀರ್ಣವಾದ ಹಾಗೆನಿಸಿತು.

ನೇತ್ರಾ ತಲೆಯೆತ್ತಿ ಮೆಲ್ಲಗೆ ಕೇಳಿದಳು. "ಯಾವಾಗ ನೋಡಿದ್ರಿ ಅಕ್ಕಾ?"

"ಹೋದ ಸೋಮವಾರ," ಎಂದಿತು ಸೀಮಾಳ ಬಾಯಿ, ಅವಳನ್ನು ಕೇಳದೆ.

ಈಗ ಎಲ್ಲರೂ ಸೀಮಾಳನ್ನು ನೋಡಿದರು. ಶರಣಮ್ಮ ಕೈಯಲ್ಲಿದ್ದ ತುತ್ತು ತಾಟಿಗೆ ಇಳಿಸಿದಳು.

"ಒಂದ ವಾರ ಹೊಟ್ಟ್ಯಾಗ ಇಟ್ಕೊಂಡಿದ್ದೇನವಾ? ಅದಕ್ಕ ಹಾಡಾ ಹಾಡಿ ರೊಟ್ಟಿ ಬಡಿಯಾಕತ್ತಿದ್ದಿ. ಅಜೀರ್ಣ ಆಗ್ಲಿಲ್ಲೇನು?" ಆಮೇಲೆ ಸಣ್ಣ ಸೊಸೆಯ ಕಡೆ ತಿರುಗಿದಳು. "ನೀನೂ ಭಾರಿ ಶಾಣ್ಯಾಕಿ ಆಗಬ್ಯಾಡ. ಹಿರೇಕಿ ಹೆಸರ ಹೇಳಿ ಉಡಿ ತುಂಬಿ ಬಂದಿ, ಹಿರೇಕಿಗೆ ಹೇಳಿದ್ದೇನು? ನನ್ನ ಅಂಗಡ್ಯಾಗ ಎರಡ ಬುಟ್ಟಿ ಒಂದ್ರಾಗೊಂದ ಸಿಕ್ಕೊಂಡ್ರ ಎಣ್ಣಿ ಹಚ್ಚಿ ಬಿಡಸ್ತೀನಿ. ನಿಮಗ ಏನ ಹಚ್ಚಲಿ?"

ನೇತ್ರಾ ಎದ್ದು ಕೈ ತೊಳೆದು ಕೋಣೆಗೆ ಹೋದಳು. ಸೀಮಾ ಕೂತಲ್ಲೇ ಕೂತಳು. ಗೆದ್ದವಳು ತಾನು, ತಾಟು ಮಾತ್ರ ಖಾಲಿಯಾಗಲಿಲ್ಲ.

ಸೋಮವಾರ ಸೀಮಾ ರಜೆ ಹಾಕಿ ತನ್ನ ಕುಂಟ ಅರ್ಜಿಯ ಮುಂದೆ ಕೂತಿದ್ದಳು. ಮಧ್ಯಾಹ್ನ ನೇತ್ರಾ ಬಾಗಿಲಲ್ಲಿ ನಿಂತಳು. ಕಣ್ಣು ಊದಿತ್ತು.

"ನಾ ಅರ್ಜಿ ಹಾಕೂದಿಲ್ಲ ಅಕ್ಕಾ. ಆಸ್ಪತ್ರಿ ಡಾಕ್ಟರ್ ಒಬ್ಬರನ್ನ ಜೋಡಿ ಮಾಡ್ಕೊಂಡಿದ್ದೆ, ಅವ್ರಿಗೂ ಹೇಳಿ ಬಿಟ್ಟೆ. ನೀವ ಹಾಕ್ರಿ. ಪಟ್ಟಿ, ಅಂಕಿ ಎಲ್ಲಾ ತಗೋರಿ. ನಾ ಬೇಕಾದ್ರ ತಂಡದಾಗ ಇರ್ತೀನಿ. ಮುಖ್ಯ ಸಂಶೋಧಕಿ ನೀವ."

ಇದು ಸೀಮಾಳಿಗೆ ನಿನ್ನೆಯ ಊಟಕ್ಕಿಂತ ಕಷ್ಟವಾಯಿತು. ಎಷ್ಟೋ ವರ್ಷ ಬಾಗಿಲು ಬಡಿದು ಪಡೆಯಲಾರದ್ದನ್ನು ಹುಡುಗಿ ಬಾಗಿಲಲ್ಲಿ ನಿಂತು ಎತ್ತಿ ಕೊಡುತ್ತಿದ್ದಳು. ಗ್ರಾಂಟು ತರುವುದರಲ್ಲಿ ಅವಳೇ ಮುಂದೆ, ಈಗ ಬಿಟ್ಟುಕೊಡುವುದರಲ್ಲೂ ಅವಳೇ. ದೊಡ್ಡ ಮನಸ್ಸಿನಲ್ಲೂ ಎರಡನೆಯ ಸ್ಥಾನ ಎಂದರೆ ಸೀಮಾ ಎಲ್ಲಿಗೆ ಹೋಗಬೇಕು?

"ಏನೂ ಬ್ಯಾಡ. ನಿಂದ ಇರ್ಲಿ ಮುಖ್ಯ ಹೆಸರು," ಎಂದಳು, ಹಟಕ್ಕೆ.

"ಇಲ್ರಿ ಅಕ್ಕಾ, ನಿಮ್ದು."

"ನಿಂದ ಅಂದೆನಲ್ಲ."

"ನೋಡ್ರಿ, ನೀವು ಮನಸ್ಸಿನಿಂದ ಹೇಳಾಕತ್ತಿಲ್ಲ."

"ನೀನರ ಹೇಳಾಕತ್ತೀಯೇನು?"

ನೇತ್ರಾ ಕನ್ನಡಕ ತೆಗೆದು ಒರೆಸಿಕೊಂಡಳು. "ಅರ್ಧ," ಅಂದಳು.

ಸೀಮಾಳಿಗೆ ನಗು ಬಂತು, ತಡೆದುಕೊಂಡಳು. ಪಕ್ಕದ ಕುರ್ಚಿ ಎಳೆದಳು. "ಕುಂಡ್ರು. ನಾನ ಮುಖ್ಯ. ಮಡಗಾಂವಿನವಂಗ ಬ್ಯಾಡ ಅಂತ ಹೇಳ್ತೀನಿ. ಆದ್ರ ನಿನ್ನ ಐದ ನಿಮಿಷದ ಕಥಿ ಪೂರ್ತಿ ಅಳಿಸು."

ಅಳಿಸಿದ ಮೇಲೆ ಉಳಿದದ್ದರ ಮುಂದೆ ಇಬ್ಬರೂ ಕೂತರು. ಪಟ್ಟಿ ಕೈಯಿಂದ ಕೈಗೆ ಹೋಗುತ್ತದೆ ಎಂಬುದನ್ನು ತಪ್ಪೆಂದು ಮುಚ್ಚಿಡುವುದೋ, ಅದನ್ನೇ ಪ್ರಶ್ನೆ ಮಾಡುವುದೋ? ವಿಶ್ರಾಂತಿ ಬೇಕಾದವಳು ಯಾರು, ಕೂರಲು ಸಿಕ್ಕವಳು ಯಾರು, ಒಬ್ಬಳ ನೆರಳಿಗೆ ಇನ್ನೊಬ್ಬಳು ಎಷ್ಟು ಬಿಸಿಲು ಹೊರುತ್ತಾಳೆ ಎಂಬುದನ್ನು ಯಾರೂ ಅಳೆದಿಲ್ಲ ಎಂದಳು ಸೀಮಾ. ಹಾಗಾದರೆ ಪಟ್ಟಿ ಒಬ್ಬರಿಗಲ್ಲ, ಗುಂಪಿಗೇ ಕಟ್ಟೋಣ. ಯಾರದು ಕೂಗಿದರೂ ಎಲ್ಲರೂ ಕೂರುವ ಹಾಗೆ, ಯಾರ ಹೆಸರೂ ದಾಖಲಾಗದ ಹಾಗೆ ಮಾಡುತ್ತೇನೆ ಎಂದಳು ನೇತ್ರಾ. ಮಾತು ಒಳ್ಳೆಯದಿತ್ತು. ಅದು ತನಗೆ ಹೊಳೆಯಲಿಲ್ಲವಲ್ಲ ಎಂದು ಸೀಮಾ ಒಳಗೊಳಗೇ ಸುಟ್ಟುಕೊಂಡು, ಅದಕ್ಕಿಂತ ಒಳ್ಳೆಯದೊಂದು ಪ್ಯಾರಾ ಬರೆದಳು. ಅದನ್ನು ಓದಿ ನೇತ್ರಾ ತನ್ನದನ್ನು ತಿದ್ದಿದಳು. ಅದನ್ನು ಓದಿ ಸೀಮಾ ತನ್ನದನ್ನು. ಲಕ್ಷ್ಮವ್ವನಿಗೆ ಫೋನು ಮಾಡಿ ಎಲ್ಲ ಹೇಳಿದರು. "ಎಲ್ಲಾರೂ ಕೂಡೂದಾದ್ರ ಬರೀರಿ," ಎಂದಳು ಅವಳು. "ಚಂದವ್ವನ ಸುದ್ದಿ ಮೇಸ್ತ್ರಿಗೆ ಮುಟ್ಟಬಾರದು, ಅಷ್ಟ ನೋಡ್ಕೋರಿ." ಮಂಗಳವಾರ ಸಂಜೆ ಗಡುವಿಗೆ ಮುಂಚೆ ಸೀಮಾ ಗುಂಡಿ ಒತ್ತಿದಳು. ನೇತ್ರಾಳ ಕೈ ಅವಳ ಹೆಗಲ ಮೇಲಿತ್ತು. ಪ್ರೀತಿಯೋ, ಒತ್ತುತ್ತಾಳೋ ಇಲ್ಲವೋ ಎಂಬ ಕಾವಲೋ, ಹೇಳುವುದು ಕಷ್ಟ.

ಉತ್ತರ ಬರುವಷ್ಟರಲ್ಲಿ ಮಳೆಗಾಲ ಕಳೆದು, ಚಂದವ್ವನ ಮಗು ಓಣಿಯಲ್ಲಿ ಎಲ್ಲರ ತೊಡೆಯ ಮೇಲೂ ಆಡುತ್ತಿತ್ತು. ಹಾರೂನ ಮೇಸ್ತ್ರಿಯೂ ಒಮ್ಮೆ ಎತ್ತಿಕೊಂಡು, ಇದು ಯಾವಾಗ ಆಯಿತು ಎಂದು ಬೆರಗಾಗಿ ಹೋಗಿದ್ದ. ಇಮೇಲು 'ಸಂತೋಷದಿಂದ ತಿಳಿಸುತ್ತೇವೆ' ಎಂದು ಶುರುವಾಗಿತ್ತು. ಸೀಮಾ ಅದನ್ನು ಮೊದಲು ನಂಬಲಿಲ್ಲ, ಕೆಳಗೆ ಎಲ್ಲೋ ವಿಷಾದ ಅಡಗಿರಬೇಕೆಂದು ಕೊನೆಯ ತನಕ ಹುಡುಕಿದಳು. ಇರಲಿಲ್ಲ. ಮುಖ್ಯ ಸಂಶೋಧಕಿ, ಡಾ. ಸೀಮಾ.

ಕಾಲೇಜು ಕೋಣೆ ಕೊಟ್ಟಿತು. ಬಾಗಿಲ ಮೇಲೆ ಹೆಸರು ಬಂತು. ಶರಣಮ್ಮ ಅಂಗಡಿಯಲ್ಲಿ ಈಗ ದೊಡ್ಡ ಸೊಸೆಯ ಸುದ್ದಿ ಹಂಚಿದಳು. ಸೀಮಾಳಿಗೆ ಮಾತ್ರ ಏನೋ ಸಪ್ಪೆ. ಅವಳು ನೇತ್ರಾಳ ಮುಖವನ್ನು ಹಗಲೆಲ್ಲ ಗಮನಿಸುತ್ತಿದ್ದಳು. ಅಲ್ಲಿ ಬರೀ ಖುಷಿ ಇತ್ತು. ಹುಡುಗಿ ನೆಂಟರಿಗೆಲ್ಲ ತಾನೇ ಫೋನು ಮಾಡಿ, "ನಮ್ಮ ಅಕ್ಕಾಗ ಬಂತ್ರಿ!" ಎಂದು ಹೇಳಿದಳು. ತಾನು ಅಷ್ಟು ವರ್ಷ ಬೆಂದದ್ದಕ್ಕೆ ಪ್ರತಿಯಾಗಿ ಈ ಹುಡುಗಿ ಒಂದು ದಿನವಾದರೂ ಬೆಚ್ಚಗಾಗಬಾರದೇ? ಅವಳು ಉರಿಯದಿದ್ದರೆ ತಾನು ಉರಿದದ್ದೆಲ್ಲ ತನ್ನದೇ ಸಣ್ಣತನ ಎಂದಾಗುತ್ತದೆ. ಗ್ರಾಂಟು ಸಿಕ್ಕಿತು, ಸಮಾಧಾನ ಸಿಗಲಿಲ್ಲ.

ಮುಂದಿನ ವಾರ ಪಣಜಿಯ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು. ಬೆಳಿಗ್ಗೆ ಪಾವ್ ಮಾರುವ ಪೊದೇರ್ ಪೋಂ ಪೋಂ ಎನ್ನುತ್ತಾ ಬೀದಿಯಲ್ಲಿ ಹೋಗುತ್ತಿದ್ದಾಗ ನೇತ್ರಾ ಪತ್ರಿಕೆ ಹಿಡಿದು ಅಡುಗೆಮನೆಗೆ ಬಂದಳು. ತಲೆಬರಹದಲ್ಲಿ ಡಾ. ಸೀಮಾ. ಫೋಟೋದಲ್ಲಿ ಸೀಮಾ ಪೂರ್ತಿ ಇದ್ದಳು. ಅವಳ ಪಕ್ಕ ನಿಂತಿದ್ದ ನೇತ್ರಾಳನ್ನು ಜಾಗ ಸಾಲದೆ ಕತ್ತರಿಸಿದ್ದರು, ಒಂದು ಮೊಣಕೈ ಉಳಿದಿತ್ತು. ಸುದ್ದಿಯ ಕೊನೆಯಲ್ಲಿ 'ಸೀಮಾ ಹಾಗೂ ತಂಡ' ಎಂದಿತ್ತು.

ನೇತ್ರಾ ಅದನ್ನು ಎರಡು ಸಲ ಓದಿದಳು. ಪತ್ರಿಕೆಯನ್ನು ಮಡಚಿದಳು, ಅಗತ್ಯಕ್ಕಿಂತ ಒಂದು ಮಡಿಕೆ ಹೆಚ್ಚಾಗಿ.

"ಅಕ್ಕಾ, ತಂಡ ಅಂದ್ರ ನಾನ ಏನು?"

ಸೀಮಾ ಒಲೆಯ ಮುಂದಿಂದ ತಿರುಗಿದಳು. ನೇತ್ರಾಳ ಮೂಗಿನ ಹೊಳ್ಳೆ ಅರಳಿತ್ತು, ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ಪಟ್ಟಿ ಮಾಡಿದಾಕಿ ನಾನು. ಒಂದ ಹೆಸರ ಹಾಕಾಕ ಏನ ಧಾಡಿ ಆಗಿತ್ತು ಇವ್ರಿಗೆ? ಮೊಣಕೈ ಅಂತ, ಮೊಣಕೈ!"

ಸೀಮಾಳಿಗೆ ಈ ಹುಡುಗಿಯ ಮೇಲೆ ಮೊಟ್ಟಮೊದಲ ಬಾರಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಒಡಹುಟ್ಟಿದ ತಂಗಿಯೇ ಎದುರು ನಿಂತ ಹಾಗಾಯಿತು. ಒಲೆಯ ಮೇಲಿನ ಚಹಾ ಇಳಿಸಿ, ಬಸಿ ತಟ್ಟೆಗೆ ಸುರಿದು, ಆರಿಸಿ ಅವಳ ಕೈಗೆ ಕೊಟ್ಟಳು.

"ಕುಡಿ ತಂಗಿ," ಎಂದಳು. "ಮೊದಮೊದಲ ಹಂಗ ಆಗ್ತೈತಿ."